ಓಡುವ ಅಕ್ಷರ

ನಮ್ಮ ಅಣ್ಣ ಅಡಿವೆಯ್ಯನ ತಲೆಯಲ್ಲಿ ಒಂದು ಹುಳ ಹೊಕ್ಕಿತೆಂದರೆ ಅದನ್ನು ಹೊರಗೆ ತೆಗೆಯುವುದು ಬ್ರಹ್ಮನಿಂದಲೂ ಆಗುತ್ತಿರಲಿಲ್ಲ. ಹಳಿಯಾಳದ ಪೇಟೆಯಲ್ಲಿ ನಮ್ಮದೊಂದು ಸಣ್ಣ ಛಾಪಖಾನೆ. ಕಾಲಿನಿಂದ ತುಳಿದು ನಡೆಸುವ ಒಂದು ಯಂತ್ರ, ಸೀಸದ ಅಕ್ಷರಗಳ ನಾಲ್ಕಾರು ಪೆಟ್ಟಿಗೆ, ಮಸಿ, ಕಾಗದ, ನಾವಿಬ್ಬರು, ಅಷ್ಟೇ ಸಂಸಾರ. ಗಂಡ ತೀರಿದ ಮೇಲೆ ತವರಿಗೆ ಬಂದ ನಾನು ಅಣ್ಣನ ಪಕ್ಕ ಕೂತು ಅಕ್ಷರ ಜೋಡಿಸುವುದನ್ನು ಕಲಿತಿದ್ದೆ. ಹೆಂಗಸು ಕೈಗೆ ಮಸಿ ಹಚ್ಚಿಕೊಂಡು ಕೂತಿದ್ದಾಳೆಂದು ಓಣಿಯವರು ಆಡಿಕೊಂಡರು. ಆಡಿಕೊಳ್ಳಲಿ, ಅವರ ಮನೆಗಳ ಲಗ್ನಪತ್ರಿಕೆ ಜೋಡಿಸಿದವಳೂ ನಾನೇ.

ಯುದ್ಧ ಶುರುವಾಗುವುದಕ್ಕೆ ಮೊದಲು ಒಮ್ಮೆ ಹುಬ್ಬಳ್ಳಿಗೆ ಹೋದ ಅಣ್ಣ ಒಂದು ಇಂಗ್ಲಿಷ್ ಜಾಹೀರಾತನ್ನು ಸುತ್ತಿಕೊಂಡು ಬಂದ. ಯಾವುದೋ ಸರ್ಕಸ್ಸಿನದು. ಅದರ ಅಕ್ಷರಗಳು ದಪ್ಪ, ಎಲ್ಲವೂ ಬಲಕ್ಕೆ ವಾಲಿದವು, ಒಂದೊಂದರ ತಲೆಗೂ ಕಾಲಿಗೂ ಹಲಗೆ ಬಡಿದಂತೆ ಚೌಕನೆಯ ಕಟ್ಟು. ಅಣ್ಣ ಅದನ್ನು ಗೋಡೆಗೆ ಅಂಟಿಸಿ, ರೊಟ್ಟಿ ಆರಿಹೋದರೂ ಏಳದೆ ನೋಡುತ್ತ ಕೂತ. ಇಂಥದ್ದು ಕನ್ನಡಕ್ಕೆ ಯಾಕಿಲ್ಲ ಎಂಬುದೇ ಅವನ ಕೊರಗು.

ಇಲ್ಲದ್ದಕ್ಕೆ ಕಾರಣವಿತ್ತು. ನಮ್ಮ ಅಕ್ಷರಗಳು ದುಂಡು ಮೈಯವು. ಹಲಗೆ ಬಡಿಯೋಣವೆಂದರೆ ಅವಕ್ಕೆ ಕಾಲೆಲ್ಲಿದೆ? ವಾಲಿಸಿದರೆ ಕುಂಬಾರನ ಗಡಿಗೆಗಳು ಗಾಡಿಯಿಂದ ಉರುಳುವ ಹಾಗೆ ಕಾಣುತ್ತಿದ್ದವು. ಅಣ್ಣ ಹಾಳೆಗಟ್ಟಲೆ ಬರೆದ, ಹರಿದ, ನನ್ನ ಮೇಲೆ ರೇಗಿದ. ಕೊನೆಗೆ ಅವನ ಕಣ್ಣು ತಲೆಕಟ್ಟಿನ ಮೇಲೆ ಬಿತ್ತು. ಅದನ್ನು ಬಾಗಿಲ ಮೇಲಿನ ತೊಲೆಯಷ್ಟು ದಪ್ಪ ಮಾಡಿ ಎರಡೂ ತುದಿಗಳನ್ನು ಚೌಕಾಗಿ ಕಡಿದ. ಒತ್ತಕ್ಷರಗಳ ತುದಿಗೂ ಅಂಥದ್ದೇ ಸಣ್ಣ ಹಲಗೆ ಕೊಟ್ಟ. ಈಗ ದುಂಡು ಮೈ ಎಷ್ಟು ವಾಲಿದರೂ ಬೀಳುವಂತೆ ಕಾಣಲಿಲ್ಲ, ಮುಂದಕ್ಕೆ ನುಗ್ಗುವಂತೆ ಕಂಡಿತು. ದಾಂಡೇಲಿಯ ಕಟ್ಟಿಗೆ ಡಿಪೋದಿಂದ ಹೆದ್ದಿ ಮರದ ತುಂಡುಗಳನ್ನು ತಂದು ಒಂದೊಂದೇ ಅಕ್ಷರವನ್ನು ತಿರುವುಮುರುವಾಗಿ ಕೆತ್ತಿದ. ಸಾಗವಾನಿಯಾದರೆ ಎಳೆ ಏಳುತ್ತದೆ, ಹೆದ್ದಿಯಲ್ಲಿ ಅಂಚು ನಿಲ್ಲುತ್ತದೆ. ಎರಡು ಮಳೆಗಾಲ ಅವನು ಅದೊಂದನ್ನೇ ಮಾಡಿದ. ಮನೆಯಲ್ಲಿ ಜೋಳ ಇದೆಯೋ ಇಲ್ಲವೋ ಎಂದು ಒಂದು ದಿನವೂ ಕೇಳಲಿಲ್ಲ.

ಮೊದಲ ಹಾಳೆಯನ್ನು ಅವನು ತೋರಿಸಿದ್ದು ನಮ್ಮ ಅಕ್ಕ ಕಾಶೆವ್ವನಿಗೆ. ಅವ್ವ ಸತ್ತಾಗ ನಾನು ಅಂಬೆಗಾಲಿಡುತ್ತಿದ್ದೆ, ಅಣ್ಣ ಲಂಗೋಟಿಯ ಹುಡುಗ. ನಮ್ಮಿಬ್ಬರನ್ನೂ ಸೊಂಟದ ಮೇಲೊಬ್ಬರು ಬೆರಳು ಹಿಡಿದೊಬ್ಬರೆಂದು ಸಾಕಿದವಳು ಅಕ್ಕ. ಮುಂಡಗೋಡದ ದಾರಿಯ ಒಂದು ಊರಿಗೆ ಅವಳನ್ನು ಕೊಟ್ಟಿತ್ತು. ಅಲ್ಲಿಂದ ಹಳಿಯಾಳಕ್ಕೆ ಎತ್ತಿನ ಗಾಡಿಯಲ್ಲಿ ಒಂದು ಹಗಲು, ಒಂದು ರಾತ್ರಿ. ಅಕ್ಕನಿಗೆ ಓದು ಬಾರದು. ಹಾಳೆಯನ್ನು ಕೈಯಲ್ಲಿ ಹಿಡಿದು ಅತ್ತ ಇತ್ತ ತಿರುಗಿಸಿದಳು.

“ಇವು ಓಡಾಕತ್ತಾವಲ್ಲೋ ತಮ್ಮಾ!” ಎಂದಳು. “ನಾಟಕಕ್ಕ ಹೊತ್ತಾತು, ಬರ್ರಿ ಬರ್ರಿ ಅಂತ ಓಡಾಕತ್ತಾವು.”

ಅಂದಿನಿಂದ ಅವಕ್ಕೆ ಓಡುವ ಅಕ್ಷರ ಎಂದೇ ಹೆಸರಾಯಿತು.

ಬೇಸಿಗೆಗೆ ನಾಟಕದ ಕಂಪನಿ ಬಂದು ಕೆರೆಯ ಪಕ್ಕದ ಬಯಲಲ್ಲಿ ಡೇರೆ ಹಾಕುತ್ತಿತ್ತು. ಅವರ ಜಾಹೀರಾತುಗಳಿಗೆ ಅಣ್ಣ ಈ ಅಕ್ಷರ ಕೊಟ್ಟ. ಬೇರೆ ಯಾರಿಗೂ ಕೊಡಲಿಲ್ಲ. ಬೆಲ್ಲದ ವ್ಯಾಪಾರಿ ಕೇಳಿದ, ಬೀಡಿಯವನು ಕೇಳಿದ. “ಬೆಲ್ಲ ಓಡಿ ಎಲ್ಲಿಗೆ ಹೋಗಬೇಕೈತ್ರಿ?” ಎಂದು ಅಣ್ಣ ಅವರನ್ನು ನಗಿಸಿ ಕಳಿಸಿದ. ಹೀಗೆ ಮೂರು ಬೇಸಿಗೆ ನಡೆಯಿತು. ಹಳ್ಳಿಗಳಲ್ಲಿ, ತಾಂಡಾಗಳಲ್ಲಿ, ದಾಂಡೇಲಿ ಕಾಡಿನ ಕುಳಗಿಯ ಆಚೆ ಮರ ಕಡಿಯುವವರ ಗುಡಿಸಲುಗಳಲ್ಲಿ ಓದು ಬಲ್ಲವರು ಯಾರಿದ್ದರು? ಆದರೆ ಆ ದಪ್ಪ ವಾಲಿದ ಅಕ್ಷರ ಚಾವಡಿಯ ಗೋಡೆಯ ಮೇಲೆ, ದಾರಿಯ ಮರದ ಮೇಲೆ ಕಂಡಿತೆಂದರೆ ಬರುವ ಸಂತೆಗೆ ನಾಟಕವಿದೆ ಎಂದು ಕೂಸಿಗೂ ಗೊತ್ತು. ಬುತ್ತಿ ಕಟ್ಟಿಕೊಂಡು ಗಾಡಿ ಹೂಡುವರು, ಬಯಲಲ್ಲಿ ಇಳಿಯುವರು, ಕೆರೆಯ ನೀರು ಕುಡಿದು ಬೆಳತನಕ ನಾಟಕ ನೋಡುವರು. ಎಲ್ಲರಿಗಿಂತ ಮುಂದಿನ ಗಾಡಿ ಅಕ್ಕನದು. “ನನ್ನ ತಮ್ಮನ ಅಕ್ಷರ” ಎಂದು ಊರವರನ್ನೆಲ್ಲ ಎಬ್ಬಿಸಿ ಕರೆತರುವುದು ಅವಳ ಹಬ್ಬ.

ಯುದ್ಧದ ನಡುವಿನ ಆ ಬೇಸಿಗೆ ನಾಟಕ ಬರಲಿಲ್ಲ, ಕಾಲರಾ ಬಂತು. ಕೆರೆ ಬತ್ತಿ ತಳದಲ್ಲಿ ಒಂದಿಷ್ಟು ನೀರು ಉಳಿದಿತ್ತು. ಮೊದಲು ಕೆರೆಯ ದಂಡೆಯ ಮನೆಗಳಲ್ಲಿ, ಆಮೇಲೆ ಪೇಟೆಯಲ್ಲಿ ಜನ ಸಾಯತೊಡಗಿದರು. ಬೆಳಿಗ್ಗೆ ಮಾತಾಡಿಸಿದವರನ್ನು ಸಂಜೆ ಹೊರುತ್ತಿದ್ದರು. ಕೈಲಾದವರು ಬೀಗ ಹಾಕಿ ಊರು ಬಿಟ್ಟರು. ರೋಗದ ಕೆಲಸಕ್ಕೆಂದು ಬಂದ ಒಬ್ಬ ಸಾಹೇಬರು ಬಾವಿಗಳಿಗೆ ನೇರಳೆ ಪುಡಿ ಹಾಕಿಸುತ್ತ ಓಣಿ ಓಣಿ ತಿರುಗುತ್ತಿದ್ದರು. ಒಂದು ಮಧ್ಯಾಹ್ನ ನಮ್ಮ ಛಾಪಖಾನೆಗೆ ಬಂದು, ಹೊರಗಿನವರು ಊರಿಗೆ ಬಾರದ ಹಾಗೆ ಸೂಚನಾ ಪತ್ರ ಬೇಕು, ದೂರದಿಂದ ಕಣ್ಣಿಗೆ ಹೊಡೆಯಬೇಕು ಎಂದರು.

ಕಣ್ಣಿಗೆ ಹೊಡೆಯಬೇಕು ಎಂದ ಮೇಲೆ ಅಣ್ಣ ಇನ್ನೇನು ಯೋಚಿಸಿಯಾನು? ಹೆದ್ದಿಯ ಅಕ್ಷರಗಳ ಪೆಟ್ಟಿಗೆ ಎಳೆದ. “ಜೀವಾ ಉಳಿಸೂ ಕೆಲಸ ಮಾದೇವಿ, ಇದಕ್ಕ ಕೊಡದ ಮತ್ಯಾತಕ್ಕ ಕೊಡ್ಲಿ?” ಎಂದ. ಹಾಳೆಯ ತುಂಬ ಓಡುವ ಅಕ್ಷರ: ಹಳಿಯಾಳಕ್ಕೆ ಬರಬೇಡಿ. ಸಂತೆ ಇಲ್ಲ. ಕೆರೆಯ ನೀರು ಕುಡಿಯಬೇಡಿ. ಕಾಲರಾ ಇದೆ. ಅಷ್ಟು ಚೆಂದದ ಕೆಲಸ ನಮ್ಮ ಯಂತ್ರದಿಂದ ಹಿಂದೆ ಬಂದಿರಲಿಲ್ಲ. ಸಾಹೇಬರು ಭೇಷ್ ಎಂದರು. ಜಂಗಲ್ ಖಾತೆಯ ಲಾರಿಯಲ್ಲಿ, ಟಪ್ಪಾಲಿನವನ ಚೀಲದಲ್ಲಿ ಅವು ದಾಂಡೇಲಿಯ ಕಡೆಗೂ ಮುಂಡಗೋಡದ ಕಡೆಗೂ ಹೋಗಿ, ಗೋಡೆ ಮರ ಕಂಡಲ್ಲೆಲ್ಲ ಅಂಟಿಕೊಂಡವು.

ಸಂತೆಗೆ ಇನ್ನೆರಡು ದಿನವಿದ್ದಾಗ ದಾಂಡೇಲಿಯ ಕಡೆಯ ತಾಂಡಾದ ಥಾವರೆಪ್ಪ ನಮ್ಮ ಬಾಗಿಲಿಗೆ ಬಂದ. ಮನೆಗಳಿಗೆ ಸೌದೆ ಹಾಕುವವನು. ಊರು ಯಾಕೆ ಬಿಕೋ ಎನ್ನುತ್ತಿದೆ ಎಂದು ಬೆರಗಾಗಿದ್ದ.

“ಯಾವ ನಾಟಕ ಐತ್ರೀ ಅಕ್ಕಾರ, ಈ ಸಲ?” ಎಂದು ಕೇಳಿದ. “ನಮ್ಮ ತಾಂಡಾದಾಗ ಎಲ್ಲಾರೂ ತಯಾರಾಗ್ಯಾರ. ಕುಳಗಿ ಕಡಿಂದ ಕಟ್ಟಿಗಿ ಕಡಿಯೋ ಮಂದೀನೂ ಹೊಂಟೈತಿ. ಭಾರೀ ದೊಡ್ಡ ನಾಟಕ ಇರಬೇಕಂತ ಅಂದ್ಕೊಂಡೇವ್ರಿ. ಎಂದೂ ಇಷ್ಟು ದೊಡ್ಡ ಅಕ್ಷರ ಹಚ್ಚಿದ್ದಿಲ್ಲಲ್ರಿ.”

ನನ್ನ ಕೈಯೊಳಗಿನ ಸೀಸದ ಅಕ್ಷರಗಳು ನೆಲಕ್ಕೆ ಚೆಲ್ಲಿದವು. ಅಣ್ಣ ಯಂತ್ರ ನಿಲ್ಲಿಸಿದ. ಇಬ್ಬರಿಗೂ ಒಮ್ಮೆಲೇ ನೆನಪಾದವಳು ಅಕ್ಕ. ಅವಳ ಊರಿಗೂ ಪತ್ರ ಹೋಗಿತ್ತು. ಓದಿ ಹೇಳಬಲ್ಲ ಒಬ್ಬ ಮಾಸ್ತರ ಬೇಸಿಗೆ ರಜೆಗೆಂದು ತನ್ನೂರಿಗೆ ಹೋಗಿದ್ದ. ಅಕ್ಕ ಗಾಡಿಯ ಗಾಲಿಗೆ ಎಣ್ಣೆ ಹಾಕಿಸುತ್ತಿರುವುದು ನನಗೆ ಕಣ್ಣಿಗೆ ಕಟ್ಟಿತು.

“ನಾಟಕ ಅಲ್ಲೋ ಥಾವರೆಪ್ಪಾ, ಕಾಲರಾ! ಬರಬ್ಯಾಡ್ರಿ ಅಂತ ಬರದೈತಿ!” ಎಂದು ಕೂಗಿದೆ.

ಅವನು ನಕ್ಕ. “ಹಂಗ್ಯಾಕಂತೀರ್ರಿ? ಬರಬ್ಯಾಡ್ರಿ ಅನ್ನೂ ಅಕ್ಷರ ಹಂಗಿರತೈತೇನ್ರಿ? ಮುಂದಿನ ಜಾಗಾ ನಿಮ್ಮ ಮಂದಿಗೆ ಇಟ್ಕೊಳ್ರಿ, ನಾವು ಹಿಂದ ಕುಂದರತೇವಿ.”

“ಅದನ್ನ ಬರದಾಂವನ ನಾನು!” ಎಂದ ಅಣ್ಣ.

“ಅದಕ್ಕ ಕೇಳಾಕತ್ತೇನ್ರಿ, ನಿಮಗ ಗೊತ್ತಿರಬೇಕಲ್ರಿ.”

ಅವನ ಮೇಲೆ ಸಿಟ್ಟು ಮಾಡಿ ಏನು ಬಂತು? ಮೂರು ಬೇಸಿಗೆ ಅವನಿಗೆ ಆ ಅಕ್ಷರ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಅಣ್ಣ ಹುಚ್ಚು ಹಿಡಿದವನಂತೆ ಸೀಸದ ಸಣ್ಣ ನೆಟ್ಟನೆಯ ಅಕ್ಷರಗಳಲ್ಲಿ ಅದೇ ಮಾತನ್ನು ಜೋಡಿಸಿ, ಒಂದು ಹಾಳೆ ಒತ್ತಿ ಥಾವರೆಪ್ಪನ ಮುಂದೆ ಹಿಡಿದ. ಥಾವರೆಪ್ಪ ಅದನ್ನು ನೋಡಲೂ ಇಲ್ಲ. ಸಾಲ ವಸೂಲಿಯ ಕಾಗದವೆಂದು ತಿಳಿದನೋ ಏನೋ, ಎರಡು ಹೆಜ್ಜೆ ಹಿಂದಕ್ಕೆ ಸರಿದ. ಅಣ್ಣ ಹಾಳೆಯನ್ನು ಮುದ್ದೆ ಮಾಡಿ ಎಸೆದ.

“ಸಣ್ಣದು ಮಾಡಿದ್ರ ನೋಡೂದಿಲ್ಲ. ದೊಡ್ಡದು ಮಾಡಿದ್ರ ಬರ್ತಾರ,” ಎಂದು ತಲೆಯ ಮೇಲೆ ಕೈ ಹೊತ್ತು ಕೂತ.

ನನಗೆ ತಲೆ ಕೆಟ್ಟುಹೋಯಿತು. ನಮ್ಮದೇ ಬಾಗಿಲ ಪಕ್ಕದಲ್ಲಿ ಒಂದು ಪತ್ರ ಅಂಟಿಸಿತ್ತು. ಅದರ ಚೆಂದ ನೋಡಿ ಮೈ ಉರಿಯಿತು. ಹಿತ್ತಲಿಗೆ ಓಡಿ ಎಮ್ಮೆಯ ಸಗಣಿ ಬಾಚಿ ತಂದು ಅದರ ಮುಖಕ್ಕೆ ಬಡಿದೆ, ಎರಡೂ ಕೈಯಿಂದ ಮೆತ್ತಿದೆ.

“ಅಯ್ಯೋ ಅಕ್ಕಾರ!” ಎಂದು ಥಾವರೆಪ್ಪ ಕೂಗಿದ. “ನಾಟಕ ನಿಂತತೇನ್ರಿ? ಮೊದಲ ಹಂಗ ಹೇಳಬಾರದೇನ್ರಿ?”

ಆಗ ನೆನಪಾಯಿತು. ಮಳೆ ಬಂದೋ ನಟರು ಜಗಳಾಡಿಯೋ ನಾಟಕ ನಿಂತಾಗ ಕಂಪನಿಯ ಆಳುಗಳು ಹೊಸ ಕಾಗದ ಅಂಟಿಸುತ್ತಿರಲಿಲ್ಲ. ಹಳೆಯದರ ಮೇಲೆ ಸಗಣಿ ಬಳಿದು ಹೋಗುತ್ತಿದ್ದರು. ದಾರಿಯಲ್ಲಿ ಸಗಣಿ ಕಂಡ ಗಾಡಿಗಳು ಅಲ್ಲಿಂದಲೇ ಹಿಂದಕ್ಕೆ ಹೊರಳುತ್ತಿದ್ದವು. ಈಗಲೂ ಥಾವರೆಪ್ಪ ಮತ್ತೊಂದು ಮಾತು ಕೇಳಲಿಲ್ಲ. ನಾನು ಕಾಲರಾದ ಮಾತನ್ನು ಮತ್ತೆ ಹೇಳಿದಾಗ ಮುಖ ಬಿಳಿಚಿಕೊಂಡು ಕೇಳಿಸಿಕೊಂಡ, ತಾಂಡಾದವರನ್ನು ತಾನು ತಡೆಯುತ್ತೇನೆಂದು ಹೇಳಿ ಬಂದ ದಾರಿಯಲ್ಲೇ ಓಡಿದ.

ಸರಕಾರದ ಪತ್ರಕ್ಕೆ ಸಗಣಿ ಬಳಿದರೆ ಜೈಲಿಗೆ ಹಾಕುತ್ತಾರೋ ಏನೋ, ಕೇಳೋಣವೆಂದರೆ ಸಾಹೇಬರು ಬೇರೆ ಹಳ್ಳಿಗೆ ಹೋಗಿದ್ದರು. ಕಾಯುವ ಹೊತ್ತಲ್ಲ. ಅಣ್ಣ ಸೈಕಲ್ಲಿಗೆ ಸಗಣಿಯ ಡಬ್ಬಿ ಕಟ್ಟಿದ. ಪೆಟ್ರೋಲಿಲ್ಲದೆ ಬಸ್ಸು ನಿಂತು ಎಷ್ಟೋ ದಿನವಾಗಿತ್ತು, ಜಂಗಲ್ ಖಾತೆಯ ಲಾರಿ ಕಾಡಿಗೆ ಹೋಗಿತ್ತು. ಊರಲ್ಲಿ ಉಳಿದವರಲ್ಲಿ ಕಳಿಸುವಂಥವರು ಒಬ್ಬರೂ ಇರಲಿಲ್ಲ, ಒಂದೊಂದು ಮನೆಯಲ್ಲೂ ಒಬ್ಬೊಬ್ಬರು ಮಲಗಿದ್ದರು.

“ಮೊದಲ ಅಕ್ಕನ ಮನೀಗೆ ಹೋಗು,” ಎಂದೆ. “ಅಕಿ ಮುಂದ ನಿಂತು ಬಾಯಲೆ ಹೇಳು.”

“ಅಲ್ಲೀತನಾ ಹೋಗಿ ಬರೂದ್ರಾಗ ಇತ್ತಾಗ ದಾಂಡೇಲಿ ಕಡಿ ಮಂದಿ ಊರ ಹೊಕ್ಕಿರತೈತಿ ಮಾದೇವಿ. ಥಾವರೆಪ್ಪ ಒಂದು ತಾಂಡಾ ತಡೀತಾನ. ಉಳದಾವರನ್ನ ಯಾರು ತಡೀಬೇಕು? ನೂರಾರು ಮಂದಿ ಅದಾರ.”

“ಅಕ್ಕ ಒಬ್ಬಾಕೀನ ಅದಾಳ.”

ಅಣ್ಣ ಡಬ್ಬಿ ಕಟ್ಟಿದ ಹಗ್ಗವನ್ನು ಬಿಚ್ಚಿ ಮತ್ತೆ ಬಿಗಿದ.

“ಮುಂಡಗೋಡದ ದಾರೀಲೆ ಅರ್ಧಾ ಹೋಗಿ ಅಲ್ಲೀವರಿಗೆ ಎಲ್ಲಾದಕ್ಕೂ ಬಳದ ಬರ್ತೇನಿ,” ಎಂದ. “ಆಮ್ಯಾಲ ದಾಂಡೇಲಿ ಕಡೆ ಹೋಗ್ತೇನಿ. ಅಕ್ಕಗ ನನ್ನ ಅಕ್ಷರದ ಗುರ್ತು ಎಲ್ಲಾರಕಿಂತ ಹೆಚ್ಚ ಐತಿ. ಸಗಣಿ ಕಂಡ್ರ ಎಲ್ಲಾರಕಿಂತ ಮೊದಲ ಅಕೀನ ಹೊಳ್ಳತಾಳ.”

“ಹಂಗಾದ್ರ ನಾನರ ನಡಕೋತ ಹೊಕ್ಕೇನಿ.”

“ನೀ ಊರ ಮುಂದಿನ ಸುಂಕದ ನಾಕ್ಯಾದಾಗ ನಿಲ್ಲು. ಎರಡೂ ದಾರಿ ಅಲ್ಲೇ ಕೂಡ್ತಾವು. ತಪ್ಪಿಸಿಕೊಂಡು ಬಂದಾವರನ್ನ ಅಲ್ಲೇ ಹೊಳ್ಳಿಸು.”

ನಾನು ಒಪ್ಪಿದೆ. ಥಾವರೆಪ್ಪ ಹೊರಳಿದ್ದನ್ನು ನನ್ನ ಕಣ್ಣಾರೆ ನೋಡಿದ್ದೆನಲ್ಲ.

ಅಣ್ಣ ಹೋದ. ಎರಡು ಮಳೆಗಾಲ ಕೂತು ಕಡಿದ ಅಕ್ಷರಗಳಿಗೆ ಮರ ಮರಕ್ಕೂ ಇಳಿದು ತನ್ನ ಕೈಯಿಂದಲೇ ಸಗಣಿ ಬಳಿದ. ಮರುದಿನ ಬಿಸಿಲೇರುವ ಹೊತ್ತಿಗೆ ಮುಂಡಗೋಡದ ದಾರಿಯಿಂದ ವಾಪಸು ಬಂದವನು ಮನೆಯೊಳಗೆ ಕಾಲಿಡದೆ, ಹೊರಗಿನಿಂದಲೇ ಹೊಸ ಸಗಣಿ ತುಂಬಿಕೊಂಡು ದಾಂಡೇಲಿಯ ಕಡೆ ತಿರುಗಿದ. ಮೊಳಕೈತನಕ ಒಣಗಿದ ಸಗಣಿ. “ನೊಣಾ ಹೊಡದಂಗ ಹೊಡದೇನಿ ಎಲ್ಲಾನೂ,” ಎಂದು ನಗಲು ನೋಡಿದ, ನಗು ಬರಲಿಲ್ಲ. ನಾನು ಊರ ಹತ್ತಿರದವನ್ನೆಲ್ಲ ಬಳಿದೆ. ಕೆರೆಯ ಆಚೆ ದಂಡೆಯ ಆಲದ ಮರಕ್ಕೆ ಅಂಟಿಸಿದ್ದು ಮುಂಡಗೋಡದ ದಾರಿಯ ಕೊನೆಯ ಪತ್ರ. ಗಾಡಿಯವರು ಎತ್ತು ಬಿಚ್ಚಿ ದಣಿವಾರಿಸಿಕೊಳ್ಳುವ ಜಾಗ ಅದು. ಅದಕ್ಕೆ ಎರಡು ಪದರ ಬಳಿದೆ.

ಸಂತೆಯ ದಿನ ಬೆಳಕು ಹರಿಯುವ ಮೊದಲೇ ನಾಕಾದಲ್ಲಿ ನಿಂತೆ. ದಾಂಡೇಲಿಯ ದಾರಿ ಖಾಲಿ. ಹೊತ್ತು ಏರಿದರೂ ಖಾಲಿ. ಅಲ್ಲೊಬ್ಬ ಇಲ್ಲೊಬ್ಬ ನಡೆದು ಬಂದವರನ್ನು ಬೈದು, ಕೈಮುಗಿದು ಹಿಂದಕ್ಕೆ ಅಟ್ಟಿದೆ. ಸ್ವಲ್ಪ ಹೊತ್ತಿನಲ್ಲೇ ಅಣ್ಣ ಸೈಕಲ್ಲು ತಳ್ಳಿಕೊಂಡು ಬಂದ, ಚಕ್ರ ಪಂಕ್ಚರಾಗಿತ್ತು. ಕುಳಗಿಯ ಜನ ಅರ್ಧ ದಾರಿಯಿಂದಲೇ ಹೊರಳಿದರೆಂದು ಹೇಳುವಾಗ ಅವನ ಕಣ್ಣಲ್ಲಿ ನೀರಾಡಿತು. “ಗೆದ್ದೆವು ಮಾದೇವಿ,” ಎಂದು ರಸ್ತೆಯ ಬದಿಗೆ ಕುಸಿದು ಕೂತ. ಆ ಒಂದು ಗಳಿಗೆ ನಾನೂ ಅವನ ಪಕ್ಕ ಕೂತು, ಎಷ್ಟೋ ದಿನದಿಂದ ಬಿಡದ ಉಸಿರನ್ನು ಬಿಟ್ಟೆ.

ಆಮೇಲೆ ಮುಂಡಗೋಡದ ದಾರಿಯಲ್ಲಿ ಎತ್ತಿನ ಗೆಜ್ಜೆ ಕೇಳಿತು.

ಮುಂದಿನ ಗಾಡಿಯಲ್ಲಿ ನೊಗ ಕಟ್ಟುವ ಮೂಕಿಯ ಹತ್ತಿರ ಅಕ್ಕ ಕೂತಿದ್ದಳು, ಹಸಿರು ಇಳಕಲ್ ಸೀರೆ ಉಟ್ಟು. ಅವಳ ಹಿಂದೆ ಗಾಡಿಗಳು, ಅವುಗಳ ಹಿಂದೆ ಇನ್ನೂ ಗಾಡಿಗಳು, ನೊಗದ ಮೇಲೆ ಧೂಳು. ಹೆಂಗಸರು ಹಾಡುತ್ತಿದ್ದರು. ಅಕ್ಕ ನಮ್ಮನ್ನು ಕಂಡವಳೇ ಗಾಡಿ ನಿಲ್ಲುವ ಮೊದಲು ಧುಮುಕಿದಳು. ಅವಳ ಸೆರಗೆಲ್ಲ ಒದ್ದೆ, ಉಗುರಿನ ಸಂದಿಯಲ್ಲಿ ಸಗಣಿ.

“ಏ ಅಡಿವ್ಯಾ, ಊರಾಗ ಕುಂತು ಏನ ಮಾಡ್ತಿಯೋ?” ಎಂದು ದೂರದಿಂದಲೇ ಬೈಯುತ್ತ ಬಂದಳು. “ಯಾರೋ ಹೊಟ್ಟಿಕಿಚ್ಚಿನ ಮಂದಿ ನಿನ್ನ ಅಕ್ಷರಕ್ಕೆಲ್ಲಾ ಸಗಣಿ ಬಳದಾರ! ಹ್ವಾದ ವರ್ಷ ಆ ಎದುರಾಳಿ ನಾಟಕದ ಕಂಪನಿಯವರು ಮಂದಿ ಬರಬಾರದಂತ ಬಳದಿದ್ರಲ್ಲ, ಅವರದ ಕೆಲಸ ಇದು. ಇವರೆಲ್ಲಾ ನಾಟಕ ನಿಂತತಿ, ಹೊಳ್ಳೂಣು ಅಂದ್ರು. ನಾ ಬಿಡ್ತೇನೇನು? ನನ್ನ ತಮ್ಮ ತನ್ನ ಅಕ್ಷರಕ್ಕ ತಾ ಸಗಣಿ ಬಳಿಯಾಂವ ಅಲ್ಲ ಅಂದೆ. ಒಂದೊಂದನ್ನೂ ತೊಳಕೋತ ಬಂದೇನಿ ನೋಡು. ತೊಳದಂಗ ತೊಳದಂಗ ಹೊಳ್ಳಿದ ಗಾಡಿನೂ ಹಿಂದ ಬಂದ್ವು.”

ಅಣ್ಣ ಎದ್ದು ನಿಂತಿದ್ದ. ಅವನ ಮೊಳಕೈಯ ಸಗಣಿಯನ್ನು ಅಕ್ಕ ಇನ್ನೂ ಗಮನಿಸಿರಲಿಲ್ಲ.

“ಅಕ್ಕಾ, ಎಲ್ಲಿ ನೀರಲೆ ತೊಳದಿ?” ಎಂದು ಕೇಳಿದೆ.

“ದಾರ್‍ಯಾಗ ಹಳ್ಳಾ ಸಿಕ್ಕಲ್ಲಿ ಹಳ್ಳದ್ದು. ಕಡೀದು ಕೆರೀ ದಂಡ್ಯಾಗಿನ ಆಲದ ಗಿಡದ್ದು, ಅದಕ್ಕಂತೂ ಎಷ್ಟ ದಪ್ಪ ಬಳದಿದ್ರ ಅಂತೀ! ಕೆರೀ ನೀರು ತಂದು ತಂದು ತೊಳದೆ. ಬಿಸಲಿಗೆ ಜೀವಾ ಹೋಗಿತ್ತು, ಅಲ್ಲೇ ಹೊಟ್ಟಿ ತುಂಬ ಕುಡದೆ. ಎಲ್ಲಾರೂ ಕುಡದ್ವಿ.”

ಅಣ್ಣನ ಬಾಯಿಂದ ಒಂದು ಸದ್ದು ಹೊರಟಿತು, ಮಾತಲ್ಲ. ಅಕ್ಕ ಅದನ್ನು ಸಂತೋಷವೆಂದುಕೊಂಡಳು. ಬಗಲಿನಿಂದ ಒಂದು ಸುರುಳಿ ತೆಗೆದಳು. ಆಲದ ಮರದಿಂದ ಹರಿಯದ ಹಾಗೆ ಬಿಡಿಸಿ ತಂದ ಪತ್ರ. ಒದ್ದೆಯಾಗಿದ್ದರೂ ಮಸಿ ಕದಲಿರಲಿಲ್ಲ, ಅಣ್ಣ ಒಳ್ಳೆಯ ಮಸಿ ಹಾಕಿದ್ದ. ಎರಡೂ ಕೈಯಿಂದ ಅದನ್ನು ಎದೆಯ ಮುಂದೆ ಬಿಡಿಸಿ ಹಿಡಿದು ಗಾಡಿಗಳ ಕಡೆ ತಿರುಗಿದಳು.

“ಎಲ್ಲಾರೂ ಕೇಳ್ರಿ! ಮಾದೇವಿ ಓದ್ತಾಳ. ಓದ ಮಾದೇವಿ, ಯಾವ ನಾಟಕ ಐತಿ?”

ಹಾಡು ನಿಂತಿತು. ಗಾಡಿಗಳಿಂದ ಜನ ಇಳಿದು ಹತ್ತಿರ ಬಂದರು, ಹೆಂಗಸರು ಕಂಕುಳ ಕೂಸುಗಳನ್ನು ಮೇಲಕ್ಕೆತ್ತಿ ಹಿಡಿದರು. ಅಣ್ಣ ಬೇಡ ಎಂಬಂತೆ ತಲೆ ಆಡಿಸಿದ. ಓದದೆ ಇದ್ದರೆ ಅವರು ಬಯಲಿಗೆ ಹೋಗಿ ಡೇರೆ ಹುಡುಕುತ್ತಿದ್ದರು, ಸಂಜೆತನಕ ಕೆರೆಯ ನೀರನ್ನೇ ಕುಡಿಯುತ್ತಿದ್ದರು. ನಾನು ಓದಿದೆ. ಬೆರಳಿಟ್ಟು, ಒಂದೊಂದೇ ಸಾಲು, ಗಟ್ಟಿಯಾಗಿ ಓದಿದೆ. ಹಳಿಯಾಳಕ್ಕೆ ಬರಬೇಡಿ. ಸಂತೆ ಇಲ್ಲ. ಕೆರೆಯ ನೀರು ಕುಡಿಯಬೇಡಿ. ಕಾಲರಾ ಇದೆ.

ಒಬ್ಬಳು ತನ್ನ ಕೂಸಿನ ಬಾಯನ್ನು ಸೆರಗಿನಿಂದ ಒರೆಸತೊಡಗಿದಳು, ಒರೆಸುತ್ತಲೇ ಇದ್ದಳು. ಅಕ್ಕ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಅಣ್ಣನ ಕೈ ನೋಡಿದಳು, ಮೊಳಕೈತನಕ ಹತ್ತಿದ್ದ ಸಗಣಿ ನೋಡಿದಳು.

“ಇದನ್ನ ಇಷ್ಟ ಚಂದ ಯಾಕ ಬರದ್ಯೋ ತಮ್ಮಾ?” ಎಂದು ಕೇಳಿದಳು.

ಸಂಜೆಯ ಹೊತ್ತಿಗೆ ಅಕ್ಕನಿಗೆ ವಾಂತಿ ಶುರುವಾಯಿತು.